ಮಳೆಗಾಲದ ಇಂಟರ್ನ್‌ಶಿಪ್, ಕೊಯ್ಲಿನ ಇಂಟರ್ನ್‌ಶಿಪ್: ಕೊಡಗಿನ ಒಬ್ಬ ಬಿಬಿಎ ವಿದ್ಯಾರ್ಥಿನಿಯ ಪ್ರಕರಣ

ಬಿಬಿಎ ಓದುವ ಮಕ್ಕಳು ಇಂಟರ್ನ್‌ಶಿಪ್‌ಗೆ ಹೊರಟಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಯಾವ ಕಂಪನಿ?’ ಅಂತ. ಕೊಡಗಿನಲ್ಲಿ ಅದಕ್ಕೂ ಮುಂಚೆ ‘ಯಾವ ತಿಂಗಳು?’ ಅಂತ ಕೇಳಬೇಕು. ಇಲ್ಲಿನ ವ್ಯಾಪಾರ ಋತು ನೋಡಿಕೊಂಡು ನಡೆಯುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾದರೆ, ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ. ಹೋಂಸ್ಟೇಗಳು ತುಂಬುವುದು ಡಿಸೆಂಬರ್ ಕೊನೆಗೆ ಮತ್ತು ಬೇಸಿಗೆ ರಜೆಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಆ ಮೂರು ತಿಂಗಳಲ್ಲಿ ವ್ಯಾಪಾರ ಕಲಿಯಲು ಹೋದ ಹುಡುಗಿ ಏನು ಕಲಿತಾಳು? ಅದೇ ಹುಡುಗಿ ಕೊಯ್ಲಿನ ಹೊತ್ತಿಗೆ ಹೋದರೆ ಏನು ಕಲಿತಾಳು? ಎರಡನ್ನೂ ಒಬ್ಬಳೇ ವಿದ್ಯಾರ್ಥಿನಿಯಲ್ಲಿ ನೋಡುವ ಅವಕಾಶ ನನಗೆ ಸಿಕ್ಕಿತು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ.

ನಾನು ಮಡಿಕೇರಿಯ ಕಾಲೇಜೊಂದರಲ್ಲಿ ವಾಣಿಜ್ಯ ಮತ್ತು ನಿರ್ವಹಣೆ ವಿಭಾಗದ ಅಧ್ಯಾಪಕಿ. ಎರಡೂ ಸಲ ಅವಳಿಗೆ ಗೈಡ್ ಆಗಿದ್ದೆ. ಬರೆಯಲು ಅವಳ ಒಪ್ಪಿಗೆ ಇದೆ. ಅವಳ ಹೆಸರು, ಊರು, ಎರಡು ಸಂಸ್ಥೆಗಳ ಹೆಸರು ಇಲ್ಲಿಲ್ಲ.

ಮನೆ ಸುಂಟಿಕೊಪ್ಪದಿಂದ ಒಳಗೆ. ಮೂರು ಎಕರೆ ತೋಟ. ರೋಬಸ್ಟಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅಪ್ಪ, ಅಮ್ಮ, ಪಿಯುಸಿ ಓದುವ ತಮ್ಮ. ಡಿಗ್ರಿ ಮೆಟ್ಟಿಲು ಹತ್ತಿದವರಲ್ಲಿ ಮನೆಗೆ ಅವಳೇ ಮೊದಲು. ‘ಬಿಬಿಎ ಯಾಕೆ ತಗೊಂಡೆಯಮ್ಮ?’ ಅಂತ ಮೊದಲ ವರ್ಷ ಕೇಳಿದಾಗ, ‘ಬ್ಯಾಂಕ್ ಕೆಲಸಕ್ಕೆ ಅನುಕೂಲ ಅಂದ್ರು ಮೇಡಂ’ ಅಂದಿದ್ದಳು. ತೋಟಕ್ಕೂ ಈ ಓದಿಗೂ ಸಂಬಂಧ ಇದೆ ಅಂತ ಅವಳಿಗಾಗಲಿ ಅವಳ ಅಪ್ಪನಿಗಾಗಲಿ ಯಾರೂ ಹೇಳಿರಲಿಲ್ಲ.

ನಿಯಮ ಮತ್ತು ಮಳೆ

ಓದಿನ ಮಧ್ಯೆ ಕೆಲಸದ ಜಾಗಕ್ಕೆ ಕಳಿಸುವ ಪದ್ಧತಿ ಹೊಸದಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ 1906ರಲ್ಲಿ 27 ಇಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಇದನ್ನು ಶುರು ಮಾಡಿದರು. ತರಗತಿ ಮತ್ತು ಕಾರ್ಖಾನೆ ಸರದಿಯ ಮೇಲೆ ನಡೆಯುತ್ತಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1974ರಲ್ಲಿ ಶುರುವಾದ ಇಂಥದೇ ವ್ಯವಸ್ಥೆಯಲ್ಲಿ ಬಿಸಿನೆಸ್ ಓದುವವರು ಸುಮಾರು ಮೂರು ತಿಂಗಳು ತರಗತಿಯಲ್ಲಿ, ಮೂರು ತಿಂಗಳು ಕಂಪನಿಯಲ್ಲಿ ಇರುತ್ತಾರೆ. ಕಂಪನಿ ಅವರೊಂದಿಗೆ ಕರಾರು ಮಾಡಿಕೊಂಡು ಸಂಬಳ ಕೊಡುತ್ತದೆ. ಎರಡೂ ಕಡೆ ಕೆಲಸದ ಜಾಗ ಟೈಮ್‌ಟೇಬಲ್‌ನ ಒಳಗೇ ಇದೆ, ರಜೆಗೆ ತಳ್ಳಿಲ್ಲ.

ನಮ್ಮಲ್ಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳುವುದು ನಾಲ್ಕನೇ ಸೆಮಿಸ್ಟರ್ ಆದಮೇಲೆ 2ರಿಂದ 4 ಕ್ರೆಡಿಟ್‌ನ ಇಂಟರ್ನ್‌ಶಿಪ್, ಅಂದರೆ 60ರಿಂದ 120 ಗಂಟೆ. ಕಾಗದದ ಮೇಲೆ ಇದರಲ್ಲಿ ತಪ್ಪೇನಿಲ್ಲ. ಆದರೆ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಮಳೆ ಜೋರಾಗಿರುತ್ತದೆ. ಬೆಂಗಳೂರಿನ ಹುಡುಗನಿಗೆ ಜುಲೈ ಒಂದು ತಿಂಗಳು, ಅಷ್ಟೆ. ಇಲ್ಲಿ ಹಾಗಲ್ಲ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಮರ ಬಿದ್ದು ರಸ್ತೆ ಕಟ್ಟಾಗುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. 2018ರ ಆಗಸ್ಟ್‌ನ ಭೂಕುಸಿತ ಆದಮೇಲಂತೂ ಮಳೆಗಾಲದಲ್ಲಿ ಹೆಣ್ಣುಮಕ್ಕಳನ್ನು ದೂರ ಕಳಿಸಲು ಮನೆಯವರು ಹೆದರುತ್ತಾರೆ. ಆ ಹೆದರಿಕೆಗೆ ಕಾರಣ ಇದೆ.

ಮೊದಲ ಸಲ: ಅತಿಥಿಗಳಿಲ್ಲದ ಹೋಂಸ್ಟೇ

2024ರ ಜುಲೈನಲ್ಲಿ ಅವಳಿಗೆ ಮಡಿಕೇರಿಯ ಹತ್ತಿರದ ಒಂದು ಹೋಂಸ್ಟೇ ಸಿಕ್ಕಿತು. ನಡೆಸುವವರು ಒಳ್ಳೆಯ ಜನ. ಮಧ್ಯಾಹ್ನ ಊಟ ಹಾಕುತ್ತಿದ್ದರು, ಕತ್ತಲಾಗುವ ಮುಂಚೆ ಕಳಿಸುತ್ತಿದ್ದರು. ಆದರೆ ಅತಿಥಿಗಳೇ ಇರಲಿಲ್ಲ. ಅವಳು ಬೆಡ್‌ಶೀಟ್ ಮಡಚಿದಳು. ಹಳೆಯ ಬುಕಿಂಗ್ ಪುಸ್ತಕವನ್ನು ಕಂಪ್ಯೂಟರ್‌ಗೆ ಹಾಕಿದಳು. ಆನ್‌ಲೈನ್ ರಿವ್ಯೂಗಳಿಗೆ ‘ಧನ್ಯವಾದ, ಮತ್ತೆ ಬನ್ನಿ’ ಅಂತ ಉತ್ತರ ಬರೆದಳು. ಕೆಲವು ದಿನ ಬಸ್ಸೇ ಬರಲಿಲ್ಲ. ಆ ಗಂಟೆಗಳೂ ಸರ್ಟಿಫಿಕೇಟಿನಲ್ಲಿ ಸೇರಿದವು. ‘ಡಿಸೆಂಬರ್‌ಗೆ ಬಾಮ್ಮ, ಆಗ ಕೂರೋಕೂ ಪುರ್ಸೊತ್ತಿರಲ್ಲ’ ಅಂದರಂತೆ ಮಾಲೀಕರು. ಡಿಸೆಂಬರ್‌ನಲ್ಲಿ ಅವಳಿಗೆ ತರಗತಿ.

ವರದಿ ಎಲ್ಲರ ವರದಿಯಂತೆಯೇ ಇತ್ತು. ಸಂಸ್ಥೆಯ ಪರಿಚಯ, ಪ್ರವಾಸೋದ್ಯಮದ ಬಗ್ಗೆ ನಾಲ್ಕು ಪುಟ, ಸಂಸ್ಥೆಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳ ಒಂದು ಸ್ವಾಟ್ ಪಟ್ಟಿ, ಫೋಟೋಗಳು. ವೈವಾದಲ್ಲಿ ನಾನು ಕೇಳಿದೆ: ‘ಸೀಸನ್‌ನಲ್ಲಿ ಒಂದು ರೂಮಿಗೆ ಬರುವ ದುಡ್ಡು, ಮಳೆಗಾಲದಲ್ಲಿ ಬರುವ ದುಡ್ಡು, ಇವೆರಡರ ಮಧ್ಯೆ ಸಂಬಳ ಹೇಗೆ ಸರಿದೂಗಿಸ್ತಾರೆ?’ ಅವಳು ಹೇಳಿದಳು: ‘ಮೇಡಂ, ನಾನು ನೋಡಿದ್ದು ಜುಲೈ ಮಾತ್ರ.’

ಈ ಉತ್ತರಕ್ಕೆ ನಾನು ಅಂಕ ಕಡಿಮೆ ಮಾಡಲಿಲ್ಲ. ಅವಳು ನಿಜ ಹೇಳಿದ್ದಳು. ವ್ಯಾಪಾರ ನಡೆಯದ ತಿಂಗಳಲ್ಲಿ ವ್ಯಾಪಾರ ಕಲಿತು ಬಾ ಅಂತ ಕಳಿಸಿದರೆ ಹುಡುಗಿ ಎಷ್ಟೇ ಚುರುಕಾಗಿದ್ದರೂ ಮಡಚಿದ ಬೆಡ್‌ಶೀಟಿನ ಮೇಲೆ ವರದಿ ಬರೆಯಬೇಕಾಗುತ್ತದೆ. ನಿಯಮ ಪಾಲನೆಯಾಗಿತ್ತು, ಸರ್ಟಿಫಿಕೇಟ್ ಬಂದಿತ್ತು, ಕಲಿಕೆ ಆಗಿರಲಿಲ್ಲ.

ಎರಡನೇ ಸಲ: ಗೇಟಿನ ಹತ್ತಿರ

ಆರನೇ ಸೆಮಿಸ್ಟರ್‌ಗೆ ಒಂದು ಪ್ರಾಜೆಕ್ಟ್ ಇತ್ತು. ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಾ ಅದನ್ನು ಮಾಡಬಹುದು. ಅವಳೇ ಬಂದು ಕೇಳಿದಳು: ‘ಮೇಡಂ, ಈ ಸಲ ಕಾಫಿ ಸಂಬಂಧಪಟ್ಟದ್ದು ಸಿಗುತ್ತಾ?’ ಕುಶಾಲನಗರದ ಹತ್ತಿರ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿವೆ. ಅದರಲ್ಲಿ ಒಂದರ ಲೆಕ್ಕಪತ್ರ ವಿಭಾಗದವರನ್ನು ನಾನು ಹೋಗಿ ಕಂಡೆ.

ಒಪ್ಪಿಸುವುದು ಸುಲಭ ಇರಲಿಲ್ಲ. ವರ್ಕ್ಸ್‌ನವರದು ನೇರ ಮಾತು. ‘ಸೀಸನ್‌ನಲ್ಲಿ ನಮಗೆ ಉಸಿರಾಡೋಕೆ ಟೈಮಿಲ್ಲ. ಸ್ಟೂಡೆಂಟ್ಸ್ ಬರ್ತಾರೆ, ಫೋಟೋ ತೆಗೀತಾರೆ, ಸರ್ಟಿಫಿಕೇಟ್ ಕೇಳ್ತಾರೆ.’ ಕಾಲೇಜಿನಲ್ಲಿ ಹಾಜರಿಯ ತಕರಾರು. ದೊಡ್ಡ ತಕರಾರು ಅಪ್ಪನದು. ‘ಕೊಯ್ಲಿನ ಟೈಮಲ್ಲಿ ಮನೆಯಲ್ಲಿ ಕೈ ಬೇಕು. ಇವಳು ಬೇರೆಯವರ ಕಾಫಿ ಎಣಿಸೋಕೆ ಹೋಗ್ತಾಳಾ?’ ಆ ಮಾತು ನ್ಯಾಯವೇ. ಆಳು ಸಿಗದ ಕಾಲ. ದೂರದ ಅಸ್ಸಾಂನಿಂದ ಬಂದವರು ಇಲ್ಲಿ ಹಣ್ಣು ಕೊಯ್ಯುತ್ತಿರುವಾಗ ಸ್ವಂತ ಮಗಳು ತೋಟ ಬಿಟ್ಟು ಹೋಗುತ್ತೇನೆ ಅಂದರೆ ಯಾವ ಸಣ್ಣ ಬೆಳೆಗಾರನಿಗೂ ಕಷ್ಟವೇ.

ಕೊನೆಗೆ ಆದ ಒಪ್ಪಂದ ಹೀಗಿತ್ತು. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಪೂರ್ತಿ ವಾರ, ತರಗತಿ ಶುರುವಾದ ಮೇಲೆ ಶುಕ್ರವಾರ ಮತ್ತು ಶನಿವಾರ ಮಾತ್ರ. ಭಾನುವಾರ ತೋಟಕ್ಕೆ. ವರ್ಕ್ಸ್‌ನವರು ಓಡಾಟಕ್ಕೂ ಊಟಕ್ಕೂ ಕೊಡುತ್ತಾರೆ, ತಿಂಗಳಿಗೆ ಒಂದು ಸಣ್ಣ ಮೊತ್ತ ಕೈಗೂ ಕೊಡುತ್ತಾರೆ. ಮಡಿಕೇರಿ–ಕುಶಾಲನಗರ ರಸ್ತೆಯಲ್ಲಿ ಶಕ್ತಿ ಯೋಜನೆಯಿಂದ ಕೆಎಸ್‌ಆರ್‌ಟಿಸಿ ಬಸ್ಸು ಅವಳಿಗೆ ಉಚಿತ. ಊರಿನ ಒಳಗಿಂದ ಸುಂಟಿಕೊಪ್ಪಕ್ಕೆ ಬರಲು ಮಾತ್ರ ಖಾಸಗಿ ಬಸ್ಸು ಅಥವಾ ಜೀಪು. ಖರ್ಚೂ ತಲೆನೋವೂ ಇದ್ದದ್ದು ಆ ಸಣ್ಣ ದೂರದಲ್ಲೇ.

ನಾನು ಇನ್ನೆರಡು ವಿಷಯ ಕೇಳಿಕೊಂಡೆ. ಒಂದು, ಅಲ್ಲಿ ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿ ಇದೆಯೇ, ಯಾರಿದ್ದಾರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿಗಳಿಗೂ ಅನ್ವಯಿಸುತ್ತದೆ, ಆದರೆ ಎಷ್ಟೋ ಕಾಲೇಜುಗಳು ಮಕ್ಕಳನ್ನು ಕಳಿಸುವ ಮುಂಚೆ ಇದನ್ನು ಕೇಳುವುದೇ ಇಲ್ಲ. ಇನ್ನೊಂದು, ಅವಳಿಗೆ ಒಂದೇ ಒಂದು ಪ್ರಶ್ನೆ ಕೊಡಿ ಅಂತ. ನಿಮ್ಮ ಸಂಸ್ಥೆಯಲ್ಲಿ ನಿಜವಾಗಿ ತೊಂದರೆ ಕೊಡುತ್ತಿರುವ, ಆದರೆ ನೋಡಲು ಯಾರಿಗೂ ಬಿಡುವಿಲ್ಲದ ಒಂದು ಪ್ರಶ್ನೆ. ಲೆಕ್ಕಪತ್ರದವರು ಸ್ವಲ್ಪ ಯೋಚಿಸಿ ಹೇಳಿದರು: ‘ಓಟಿ ಚೀಟಿ ವಿಷಯದಲ್ಲಿ ಗೇಟಿನಲ್ಲಿ ದಿನಾ ಜಗಳ. ಯಾಕೆ ಅಂತ ನೋಡ್ಲಿ.’

ಓಟಿ ಅಂದರೇನು ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಸ್ವಲ್ಪ ಬಿಡಿಸುತ್ತೇನೆ, ಯಾಕೆಂದರೆ ಇಡೀ ಪ್ರಕರಣ ಅದರ ಮೇಲೆ ನಿಂತಿದೆ. ಒಣಗಿಸಿದ ಕಾಫಿ ಹಣ್ಣಿಗೆ ವ್ಯಾಪಾರದಲ್ಲಿ ಚೆರ್ರಿ ಅನ್ನುತ್ತಾರೆ. ಅದು 50 ಕಿಲೋ ಚೀಲದಲ್ಲಿ ಬರುತ್ತದೆ. ಸಿಪ್ಪೆ ತೆಗೆದ ಮೇಲೆ ಆ ಚೀಲದಿಂದ ಎಷ್ಟು ಕಿಲೋ ಬೀಜ ಸಿಗುತ್ತದೋ ಅದು ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ಒಂದು ಸಣ್ಣ ಸ್ಯಾಂಪಲ್ ತೆಗೆದು, ಪುಟ್ಟ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ತೂಕ ಹಾಕುತ್ತಾರೆ. 200 ಗ್ರಾಂ ಚೆರ್ರಿಯಲ್ಲಿ 108 ಗ್ರಾಂ ಬೀಜ ಬಂದರೆ ಓಟಿ 27. ಬೆಳೆಗಾರನಿಗೆ ಸಿಗುವ ದುಡ್ಡು ಓಟಿ ಗುಣಿಸು ಆ ದಿನದ ದರ. ಲೆಕ್ಕ ಸುಲಭವಾಗಲಿ ಅಂತ ಓಟಿಯ ಒಂದು ಪಾಯಿಂಟಿಗೆ ದರ 400 ರೂಪಾಯಿ ಅಂದುಕೊಳ್ಳೋಣ. ಓಟಿ 27 ಬಂದರೆ ಚೀಲಕ್ಕೆ 10,800 ರೂಪಾಯಿ. 25 ಬಂದರೆ 10,000. ನಲವತ್ತು ಚೀಲ ತಂದವನಿಗೆ ಎರಡು ಪಾಯಿಂಟಿನ ವ್ಯತ್ಯಾಸ ಅಂದರೆ 32,000 ರೂಪಾಯಿ. ಜಗಳ ಆಗದೆ ಇರುತ್ತಾ?

ಅದರ ಮೇಲೆ ತೇವಾಂಶ. ರೋಬಸ್ಟಾ ಚೆರ್ರಿಯಲ್ಲಿ ತೇವಾಂಶ 11 ಪರ್ಸೆಂಟಿನ ಹತ್ತಿರ ಇರಬೇಕು. 14 ಇದ್ದರೆ 50 ಕಿಲೋದಲ್ಲಿ ಒಣ ಪದಾರ್ಥ ಇರುವುದು 43 ಕಿಲೋ. ಅದನ್ನು 11 ಪರ್ಸೆಂಟಿಗೆ ಒಣಗಿಸಿದರೆ ಚೀಲ ಸುಮಾರು 48.3 ಕಿಲೋಗೆ ಇಳಿಯುತ್ತದೆ. ಆ 1.7 ಕಿಲೋ ಮುರಿದುಕೊಳ್ಳುತ್ತಾರೆ. ಬೆಳೆಗಾರ ಕಣದಲ್ಲಿ ಚೆರ್ರಿಯನ್ನು ಕೈಯಲ್ಲಿ ಅಲುಗಿಸಿ ಸದ್ದು ಕೇಳಿ ‘ಒಣಗಿದೆ’ ಅಂತ ಚೀಲ ತುಂಬಿರುತ್ತಾನೆ. ಮೀಟರ್ ಬೇರೆ ಹೇಳುತ್ತದೆ. ಸದ್ದು ನಂಬಬೇಕೋ ಮೀಟರ್ ನಂಬಬೇಕೋ?

ಅವಳನ್ನು ಮೊದಲ ದಿನವೇ ಗೇಟಿನ ಪಕ್ಕದ ಸ್ಯಾಂಪಲ್ ಮೇಜಿನ ಹತ್ತಿರ ಕೂರಿಸಿದರು. ರಿಜಿಸ್ಟರ್ ಬರೆಯುವುದು, ಸ್ಯಾಂಪಲ್ ತೂಕ ನೋಡುವುದು, ಚೀಟಿ ಕೊಡುವುದು. ಆ ಸೀಸನ್ ಸಾಮಾನ್ಯದ್ದಾಗಿರಲಿಲ್ಲ. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ 2024ರಲ್ಲೇ ಟನ್ನಿಗೆ 5,000 ಡಾಲರ್ ದಾಟಿತ್ತು. ಹಿಂದೆಂದೂ ಕಾಣದ ದರ. ದರ ಏರಿದಷ್ಟೂ ಒಂದೊಂದು ಪಾಯಿಂಟಿನ ಬೆಲೆಯೂ ಏರುತ್ತದೆ. ಹಾಗಾಗಿ ಚೀಟಿಯ ಮೇಲಿನ ಜಗಳವೂ ಜೋರಾಗಿತ್ತು. ಬಿಬಿಎ ಪುಸ್ತಕದಲ್ಲಿ ‘ಜಾಗತಿಕ ಮಾರುಕಟ್ಟೆಯ ಪರಿಣಾಮ’ ಅಂತ ಒಂದು ಅಧ್ಯಾಯ ಇದೆ. ಅವಳು ಅದನ್ನು ಗೇಟಿನಲ್ಲಿ ಕೂತು ಕಿವಿಯಾರೆ ಕೇಳಿದಳು.

ಅವಳು ಕಂಡದ್ದು

ಮೊದಲ ಒಂದೆರಡು ವಾರ ಅವಳ ಡೈರಿಯಲ್ಲಿ ಬರೀ ಬೈಗುಳದ ವರದಿ. ‘ಇವತ್ತು ಒಬ್ಬರು ಚೀಲ ವಾಪಸ್ ಹೊತ್ತುಕೊಂಡು ಹೋದರು.’ ‘ಇವತ್ತು ಒಬ್ಬರು ಮೀಟರ್ ಸರಿಯಿಲ್ಲ ಅಂದರು.’ ಯಾರ ತಪ್ಪು ಅಂತ ಬರೆಯಬೇಡ, ಪ್ರತಿ ಜಗಳ ಯಾವ ಅಂಕಿಯ ಮೇಲೆ ಶುರುವಾಯಿತು ಅಂತ ಮಾತ್ರ ಬರಿ ಅಂದೆ. ಆಮೇಲೆ ಡೈರಿಯ ರೂಪವೇ ಬದಲಾಯಿತು.

ಜಾಸ್ತಿ ಜಗಳ ಆಗುತ್ತಿದ್ದದ್ದು ಸಣ್ಣ ಬೆಳೆಗಾರರ ಚೀಲಗಳ ಮೇಲೆ. ದೊಡ್ಡ ತೋಟದಿಂದ ಬರುವ ಕಾಫಿ ಒಂದೇ ಕಣದಲ್ಲಿ, ಒಂದೇ ರೀತಿ ಒಣಗಿರುತ್ತದೆ. ಯಾವ ಚೀಲ ಬಿಚ್ಚಿದರೂ ಸುಮಾರು ಒಂದೇ ಓಟಿ. ಮೂರು ಎಕರೆಯವನ ಕಥೆ ಬೇರೆ. ಮೊದಲ ಕೊಯ್ಲಿನದ್ದು ನಾಲ್ಕು ಚೀಲ ಕಣದಲ್ಲಿ ಚೆನ್ನಾಗಿ ಒಣಗಿದ್ದು. ಆಮೇಲೆ ಮೋಡ ಬಂದಾಗ ಟಾರ್ಪಲ್ ಹಾಕಿ ಅರೆಬರೆ ಒಣಗಿಸಿದ್ದು ಮೂರು ಚೀಲ. ಕೊನೆಗೆ ನೆಲದಿಂದ ಆರಿಸಿದ್ದು, ಕಾಯಿ ಜಾಸ್ತಿ ಇದ್ದದ್ದು ಎರಡು ಚೀಲ. ಎಲ್ಲ ಒಂದೇ ಜೀಪಿನಲ್ಲಿ, ಒಂದೇ ಹೆಸರಿನಲ್ಲಿ ಬರುತ್ತವೆ. ಸ್ಯಾಂಪಲ್ ಯಾವ ಚೀಲದಿಂದ ತೆಗೆದರು ಅನ್ನುವುದೇ ಆಗ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಳ್ಳೆಯ ಚೀಲದಿಂದ ತೆಗೆದರೆ ವರ್ಕ್ಸ್‌ಗೆ ನಷ್ಟ, ಕೊನೆಯ ಚೀಲದಿಂದ ತೆಗೆದರೆ ಬೆಳೆಗಾರನಿಗೆ ನಷ್ಟ. ಇಬ್ಬರಲ್ಲಿ ಯಾರೂ ಮೋಸ ಮಾಡದೆಯೇ ಇಬ್ಬರಿಗೂ ಮೋಸ ಆಯಿತು ಅನ್ನಿಸುತ್ತದೆ.

ಎರಡನೆಯದು ಚೀಟಿ. ಅದರಲ್ಲಿ ಓಟಿ ಅಂಕಿ ಮಾತ್ರ ಇರುತ್ತಿತ್ತು. ಸ್ಯಾಂಪಲ್ ಎಷ್ಟು ಗ್ರಾಂ, ಬೀಜ ಎಷ್ಟು ಗ್ರಾಂ, ತೇವಾಂಶ ಎಷ್ಟು, ಯಾವ ಚೀಲ, ಇದ್ಯಾವುದೂ ಇರುತ್ತಿರಲಿಲ್ಲ. ಬೆಳೆಗಾರನ ಕೈಗೆ ಉತ್ತರ ಬರುತ್ತದೆ, ಲೆಕ್ಕ ಬರುವುದಿಲ್ಲ. ಲೆಕ್ಕ ಕಾಣದ ಉತ್ತರವನ್ನು ಯಾರು ನಂಬುತ್ತಾರೆ?

ಅವಳ ಸಲಹೆ ಸರಳವಾಗಿತ್ತು. ಒಂದೊಂದು ಸಲ ಒಣಗಿಸಿದ್ದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿಕೊಂಡು ಬನ್ನಿ ಅಂತ ಬೆಳೆಗಾರರಿಗೆ ಹೇಳುವುದು. ಪ್ರತಿ ಬಣ್ಣಕ್ಕೂ ಬೇರೆ ಸ್ಯಾಂಪಲ್. ಚೀಟಿಯಲ್ಲಿ ನಾಲ್ಕೂ ಅಂಕಿ ಅಚ್ಚು ಹಾಕುವುದು.

ವರ್ಕ್ಸ್‌ನ ಮ್ಯಾನೇಜರ್ ದಾರಕ್ಕೆ ಒಪ್ಪಿದರು. ಚೀಟಿಗೆ ಅರ್ಧ ಒಪ್ಪಿದರು. ಸ್ಯಾಂಪಲ್ ತೂಕ, ಬೀಜದ ತೂಕ ಹಾಕೋಣ, ಉಳಿದದ್ದು ಬೇಡ ಅಂದರು. ಅವಳಿಗೆ ಬೇಜಾರಾಯಿತು. ಯಾಕೆ ಬೇಡ ಅಂತ ಅವರನ್ನೇ ಕೇಳು ಅಂದೆ. ಕೇಳಿದಳು. ಪೂರ್ತಿ ವಿವರ ಇರುವ ಚೀಟಿಯನ್ನು ಬೆಳೆಗಾರ ಪಕ್ಕದ ವ್ಯಾಪಾರಿಗೆ ತೋರಿಸಿ ‘ನೀವೆಷ್ಟು ಕೊಡ್ತೀರಿ’ ಅನ್ನುತ್ತಾನೆ, ಪರೀಕ್ಷೆಯ ಖರ್ಚು ನಮ್ಮದು, ಕಾಫಿ ಅವರಿಗೆ, ಇದು ಅವರ ಕಾರಣ. ಬೆಳೆಗಾರನ ಮಗಳಾಗಿ ಅವಳಿಗೆ ಇದು ಹಿಡಿಸಲಿಲ್ಲ. ವ್ಯಾಪಾರ ಓದುವವಳಾಗಿ ಅರ್ಥವಾಯಿತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅವಳು ಅತಿ ಹೆಚ್ಚು ಕಲಿತದ್ದು ಈ ಗಳಿಗೆಯಲ್ಲಿ. ಮೇಜಿನ ಎರಡೂ ಕಡೆ ಕೂತು ನೋಡುವ ಅವಕಾಶ ತರಗತಿಯಲ್ಲಿ ಕೊಡಲು ನಮಗೆ ಆಗುವುದಿಲ್ಲ.

ಮನೆಯ ಲೆಕ್ಕ

ಒಂದು ಭಾನುವಾರ ಅವಳು ಅಪ್ಪನ ಹಳೆಯ ಚೀಟಿಗಳನ್ನೆಲ್ಲ ತೆಗೆದು ಕೂತಳಂತೆ. ಅಪ್ಪ ಯಾವಾಗಲೂ ದರ ನೋಡಿ ಮಾರುವವರು. ಇಬ್ಬರು ವ್ಯಾಪಾರಿಗಳಲ್ಲಿ ಯಾರು ಓಟಿಗೆ ಐದು ರೂಪಾಯಿ ಜಾಸ್ತಿ ಅಂದರೋ ಅವರಿಗೆ. ಅವಳು ಹೋಲಿಸಿ ನೋಡಿದಾಗ, ಜಾಸ್ತಿ ದರ ಕೊಡುವ ಕಡೆ ಓಟಿ ಸದಾ ಒಂದು ಪಾಯಿಂಟ್ ಕಡಿಮೆ ಬಂದಿತ್ತು. ಮೊದಲಿನ ಉದಾಹರಣೆಯ ದರದಲ್ಲೇ ಹೇಳುವುದಾದರೆ, 400ರ ದರಕ್ಕೆ ಓಟಿ 26 ಆದರೆ 10,400 ರೂಪಾಯಿ. 395ರ ದರಕ್ಕೆ ಓಟಿ 27 ಆದರೆ 10,665. ಕಡಿಮೆ ದರವೇ ಚೀಲಕ್ಕೆ 265 ರೂಪಾಯಿ ಜಾಸ್ತಿ ಕೊಡುತ್ತದೆ.

ವ್ಯಾಪಾರಿ ಬೇಕಂತಲೇ ಮಾಡಿದ್ದು ಅಂತ ಅವಳು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬೇರೆ ಬೇರೆ ದಿನದ ಕಾಫಿ, ಬೇರೆ ಬೇರೆ ಸ್ಯಾಂಪಲ್, ಕಾರಣ ಏನೂ ಇರಬಹುದು. ಆದರೆ ದರ ಒಂದನ್ನೇ ನೋಡಿದರೆ ಸಾಲದು ಅನ್ನುವುದು ಅಪ್ಪನಿಗೆ ತಕ್ಷಣ ಗೊತ್ತಾಯಿತು. ಅವರು ಏನೂ ಮಾತಾಡಲಿಲ್ಲವಂತೆ. ಮುಂದಿನ ವಾರ ಒಂದೇ ಚೀಲದ ಸ್ಯಾಂಪಲನ್ನು ಎರಡು ಕವರಿನಲ್ಲಿ ಕಟ್ಟಿ ಎರಡು ಕಡೆ ಪರೀಕ್ಷೆ ಮಾಡಿಸಿದರು. ಆಮೇಲೆ ಶುಕ್ರವಾರ ಬೆಳಗ್ಗೆ ಅವಳನ್ನು ಸುಂಟಿಕೊಪ್ಪದವರೆಗೆ ಬೈಕಿನಲ್ಲಿ ಬಿಡತೊಡಗಿದರು. ಜೀಪಿನ ಖರ್ಚು ಉಳಿಯಿತು.

ಪಹಣಿಯಲ್ಲಿರುವ ಹೆಸರು

ಗೇಟಿನ ರಿಜಿಸ್ಟರ್ ಬರೆಯುವಾಗ ಅವಳಿಗೆ ಇನ್ನೊಂದು ತೊಡಕು ಕಂಡಿತು. ಅವಳಿಗೆ ಕೊಟ್ಟ ಪ್ರಶ್ನೆಯಲ್ಲಿ ಇದು ಇರಲಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಬಹುಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು. ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಯಾವ ತೋಟದ್ದು ಅಂತ ಜಾಗದ ಗುರುತು ಸಮೇತ ತೋರಿಸಬೇಕು. ಜಾರಿ ದಿನಾಂಕ ಮುಂದೆ ಹೋಗಿದೆ, ಆದರೆ ರಫ್ತುದಾರರು ತಯಾರಿ ನಿಲ್ಲಿಸಿಲ್ಲ. ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ನಕ್ಷೆಯಲ್ಲಿ ಒಂದು ಚುಕ್ಕೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಪೂರ್ತಿ ಗಡಿ ಬೇಕು. ಹಾಗೆ ನೋಡಿದರೆ ಸಣ್ಣವರಿಗೆ ಸುಲಭ.

ಕೊಡಗಿನಲ್ಲಿ ಸಿಕ್ಕು ಇರುವುದು ಹೆಸರಿನಲ್ಲಿ. ತಲೆಮಾರುಗಳಿಂದ ಕುಟುಂಬದ ಹಕ್ಕಿನಲ್ಲಿ ಬಂದ ಜಮ್ಮಾ ಬಾಣೆ ಜಮೀನುಗಳ ಪಹಣಿಯಲ್ಲಿ ಎಷ್ಟೋ ಕಡೆ ಹಿಂದಿನ ತಲೆಮಾರಿನ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರೇ ಉಳಿದಿದೆ. ಬೇರೆ ಜಮೀನಲ್ಲೂ ಅಜ್ಜನ ಹೆಸರು ಬದಲಾಗದೆ ಇರುವುದು ಹೊಸದೇನಲ್ಲ. ಕಾಫಿ ತರುವವನು ಮೊಮ್ಮಗ, ದುಡ್ಡು ಹೋಗುವುದು ಅವನ ಹೆಂಡತಿಯ ಖಾತೆಗೆ, ಪಹಣಿಯಲ್ಲಿ ಇರುವುದು ಅಜ್ಜ. ವಿದೇಶದ ಗಿರಾಕಿ ಕೇಳಿದಾಗ ಈ ಮೂರನ್ನೂ ಜೋಡಿಸುವುದು ಹೇಗೆ? ಅವಳು ರಿಜಿಸ್ಟರಿಗೆ ಎರಡು ಕಾಲಂ ಸೇರಿಸಿದಳು: ಪಹಣಿಯಲ್ಲಿರುವ ಹೆಸರು, ತಂದವರಿಗೆ ಅವರು ಏನಾಗಬೇಕು. ಲೆಕ್ಕಪತ್ರದವರು ಇದನ್ನು ಮರುಮಾತಿಲ್ಲದೆ ಒಪ್ಪಿಕೊಂಡರು. ಜರಡಿಯ ತೂತಿನ (ಸ್ಕ್ರೀನ್) ಗಾತ್ರದ ಮೇಲೆ ಬೀಜ ಗ್ರೇಡ್ ಮಾಡುವುದು, ಗಾರ್ಬಲಿಂಗ್ ಹಾಲ್‌ನಲ್ಲಿ ಕೈಯಿಂದ ಬೀಜ ಆರಿಸುವ ಅಕ್ಕಂದಿರು, ಮಂಗಳೂರು ಬಂದರಿಗೆ ಹೋಗುವ ಲಾರಿಯ ಕಾಗದಪತ್ರ, ಇವನ್ನೆಲ್ಲ ಆ ಸೀಸನ್‌ನಲ್ಲೇ ನೋಡಿದಳು. ವರದಿಗೆ ಅವು ಬೇಕಾಗಲಿಲ್ಲ.

ವರದಿ ಬರೆಯುವಾಗ ವರ್ಕ್ಸ್‌ನವರು ದರಗಳನ್ನೂ ಬೆಳೆಗಾರರ ಹೆಸರನ್ನೂ ಹಾಕಬಾರದು ಅಂದರು. ಇದು ಬರೀ ಅಡ್ಡಿ ಅಂತ ಅವಳಿಗೆ ಅನ್ನಿಸಿತು. ಮೊದಲ ವಾರದ ಸರಾಸರಿಯನ್ನು 100 ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಬರೆ ಅಂತ ಹೇಳಿಕೊಟ್ಟೆ. ಗುಟ್ಟು ಗುಟ್ಟಾಗಿಯೇ ಉಳಿಯಿತು, ಏರಿಳಿತ ಕಾಣಿಸಿತು. ಈ ವರದಿಯಲ್ಲಿ ಸ್ವಾಟ್ ಪಟ್ಟಿ ಇರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಅದು ಎಲ್ಲಿ ಅಂತ ಕೇಳಿದರು. ಅವಳು ಚೀಟಿಯ ಹಳೆಯ ನಮೂನೆ, ಹೊಸ ನಮೂನೆ ಎರಡನ್ನೂ ಮೇಜಿನ ಮೇಲಿಟ್ಟು ಓಟಿ ವಿವರಿಸಿದಳು. ಅವರು ಕರಾವಳಿಯವರು. ಅವರ ಪ್ರಶ್ನೆಗಳು ಅಲ್ಲಿಂದ ಮುಂದೆ ಕಾಫಿಯ ಬಗ್ಗೆಯೇ ಇದ್ದವು.

ಕಾಲೇಜು, ವಿಶ್ವವಿದ್ಯಾಲಯ, ದುಡ್ಡು

ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಕರಾವಳಿಗೂ ಕೊಡಗಿಗೂ ಒಂದೇ ಕ್ಯಾಲೆಂಡರ್. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದಾಗ ನನಗೆ ಖುಷಿಯಾದದ್ದು ಇದಕ್ಕೇ. ನಮ್ಮದೇ ವಿಶ್ವವಿದ್ಯಾಲಯ ಇದ್ದರೆ ಕೊಯ್ಲು ನೋಡಿಕೊಂಡು ಕ್ಯಾಲೆಂಡರ್ ಮಾಡಬಹುದು, ಅಲ್ವಾ? 2025ರ ಫೆಬ್ರವರಿಯಲ್ಲಿ, ಅವಳು ಗೇಟಿನಲ್ಲಿ ಚೀಟಿ ಬರೆಯುತ್ತಿದ್ದ ದಿನಗಳಲ್ಲೇ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದಲ್ಲಿ ಬಂತು. ಕೊಡಗಿನದೂ ಆ ಪಟ್ಟಿಯಲ್ಲಿತ್ತು. ಖರ್ಚಿನ ಲೆಕ್ಕ ಹಾಕುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಬೇಡಿಕೆ. ಕ್ಯಾಲೆಂಡರ್ ಯಾರ ಕೈಯಲ್ಲಿದೆ ಅನ್ನುವುದು ಇಲ್ಲಿನ ಮಕ್ಕಳಿಗೆ ಸಣ್ಣ ವಿಷಯವಲ್ಲ.

ಪಠ್ಯದ ಮೇಲ್ಚೌಕಟ್ಟೂ ಅಲುಗಾಡುತ್ತಲೇ ಇದೆ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷ. ಅದೇ ವರ್ಷದಿಂದ ಬಿಬಿಎ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ವ್ಯಾಪ್ತಿಗೂ ಬಂತು. ಪ್ರತಿ ಬದಲಾವಣೆಗೂ ಫಾರಂ ಬದಲಾಗುತ್ತದೆ. ಯಾವ ಫಾರಂನಲ್ಲೂ ‘ನಿಮ್ಮ ಊರಿನಲ್ಲಿ ಕೆಲಸ ಯಾವ ತಿಂಗಳು ನಡೆಯುತ್ತದೆ’ ಅಂತ ಕೇಳುವ ಜಾಗ ನಾನು ಕಂಡಿಲ್ಲ.

ದುಡ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪದವಿ ಮುಗಿಸಿದವರು ಅಪ್ರೆಂಟಿಸ್ ಆಗಿ ಸೇರಿದರೆ 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಸ್ಟೈಪೆಂಡ್ ಕಡ್ಡಾಯ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಇತ್ತು. ಓದುತ್ತಾ ಮಾಡುವ ಇಂಟರ್ನ್‌ಶಿಪ್‌ಗೆ ಇಂಥ ರಕ್ಷಣೆ ಇಲ್ಲ. ‘ಕಲಿಯೋಕೆ ಬರ್ತಾರೆ, ದುಡ್ಡು ಯಾಕೆ’ ಅನ್ನುವವರಿಗೆ ನಾನು ಕೇಳುವುದಿಷ್ಟೆ. ಕೊಯ್ಲಿನ ದಿನ ಆ ಹುಡುಗಿ ಮನೆಯಲ್ಲಿದ್ದರೆ ಒಂದು ಆಳಿನ ಕೂಲಿ ಉಳಿಯುತ್ತಿತ್ತು. ಅವಳು ನಿಮ್ಮ ಗೇಟಿನಲ್ಲಿ ನಿಂತಾಗ ಆ ಕೂಲಿಯನ್ನು ಅವಳ ಅಪ್ಪ ಕೊಡುತ್ತಾರೆ. ಬಿಡಿಗಾಸೂ ಕೊಡದೆ ಕಲಿಸುತ್ತೇವೆ ಅಂದರೆ, ನಿಮ್ಮ ಸಂಸ್ಥೆಯ ಒಂದು ಖರ್ಚನ್ನು ಮೂರು ಎಕರೆಯವನು ಭರಿಸಿದ ಹಾಗಾಯಿತು. ಈ ವರ್ಕ್ಸ್‌ನವರು ಅದನ್ನು ಅರ್ಥ ಮಾಡಿಕೊಂಡರು. ಎಲ್ಲರೂ ಮಾಡಿಕೊಳ್ಳುವುದಿಲ್ಲ.

ಈಗ ಎಲ್ಲಿಗೆ ಬಂದಿದೆ

ವರ್ಕ್ಸ್‌ನವರು ಮುಂದಿನ ಸೀಸನ್‌ಗೆ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಕೊಡುತ್ತೇವೆ ಅಂದರು. ಅವಳು ಎಂಬಿಎಗೆ ಅರ್ಜಿ ಹಾಕಿದಳು. ಸಿಕ್ಕಿದರೆ ಮೈಸೂರು, ಇಲ್ಲದಿದ್ದರೆ ಒಂದು ವರ್ಷ ಗೇಟು ಅಂತ ಮನೆಯಲ್ಲಿ ಮಾತಾಯಿತು. ಮೈಸೂರು ಸಿಕ್ಕಿತು. ಹೊಸ ಚೀಟಿಯಲ್ಲಿ ಈಗ ಸ್ಯಾಂಪಲ್ ಮತ್ತು ಬೀಜದ ತೂಕ ಎರಡೂ ಅಚ್ಚಾಗುತ್ತವೆ. ತೇವಾಂಶವನ್ನು ಕೇಳಿದವರಿಗೆ ಬಾಯಲ್ಲಿ ಹೇಳುತ್ತಾರೆ. ಬಣ್ಣದ ದಾರ ಕಟ್ಟಿ ತರುವವರು ಕೆಲವರು ಮಾತ್ರ. ಬಾಕಿಯವರಿಗೆ ಅದು ಕಿರಿಕಿರಿ.

ಕಾಲೇಜಿನಲ್ಲಿ ಅರ್ಧ ಗೆದ್ದೆವು. ಆರನೇ ಸೆಮಿಸ್ಟರ್ ಪ್ರಾಜೆಕ್ಟ್ ಮಾಡುವವರಿಗೆ ಕೊಯ್ಲಿನ ಸಮಯದಲ್ಲಿ ವಾರಕ್ಕೆ ಎರಡು ದಿನ ಬಿಡಲು ವಿಭಾಗ ಒಪ್ಪಿದೆ, ಹಾಜರಿ ಕೊಡುವುದಕ್ಕೂ ಒಪ್ಪಿದೆ. ನಾಲ್ಕನೇ ಸೆಮಿಸ್ಟರ್‌ನದು ಮಾತ್ರ ಇನ್ನೂ ಮಳೆಗಾಲದಲ್ಲೇ ಇದೆ. ಅದನ್ನು ಡಿಸೆಂಬರ್–ಜನವರಿಗೆ ತರಬೇಕು ಅಂತ ಬರೆದು ಕೊಟ್ಟಿದ್ದೇವೆ. ಹಾಗೆ ಆದರೆ ಹೋಂಸ್ಟೇಗೆ ಹೋಗುವವರಿಗೂ ತುಂಬಿದ ಮನೆ ಸಿಗುತ್ತದೆ, ಕಾಫಿಗೆ ಹೋಗುವವರಿಗೂ ಕೊಯ್ಲು ಸಿಗುತ್ತದೆ. ವರ್ಕ್ಸ್‌ನವರು ಮುಂದಿನ ಸಲಕ್ಕೆ ಇಬ್ಬರನ್ನು ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಅವರ ಷರತ್ತು ಒಂದೇ, ಜನವರಿ ಮೊದಲ ವಾರವೇ ಬರಬೇಕು. ಐದನೇ ಸೆಮಿಸ್ಟರ್ ಪರೀಕ್ಷೆಯ ದಿನಾಂಕ ಇನ್ನೂ ಬಂದಿಲ್ಲ.